ಜಾಮೀನಿಲ್ಲದ ಕಾರ್ಡು

ಶಿರಾ
೧೬ ಜೂನ್ ೨೦೨೫

ಅಣ್ಣನಿಗೆ ಲೋಹಿತಾಳ ನಮಸ್ಕಾರ.

ನಿನ್ನೆಯಷ್ಟೇ ನೀನು ಬಂದು ನೋಡಿಕೊಂಡು ಹೋದ ತಂಗಿ ಇವತ್ತು ಕಾಗದ ಬರೆದಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡ. ಎದುರು ಕೂತರೆ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಫೋನ್ ಮಾಡಿದರೆ "ಟ್ರ್ಯಾಕ್ಟರ್ ಮ್ಯಾಲಿವ್ನಿ, ಆಮ್ಯಾಕೆ ಮಾಡು" ಅನ್ನುತ್ತೀಯ. ಆ ಸೋಲಾರ್ ಪಾರ್ಕಿನ ಪ್ಲೇಟುಗಳನ್ನು ನೀನು ತೊಳೆದು ಮುಗಿಸಿದ್ದನ್ನು ನಾನಂತೂ ಕಂಡಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ನಮ್ಮ ಗೌಸಿಯಾಳ ಗಂಡ ಯಾಸೀನ್ ಭಾಯ್ ದಿನಾ ಪಾವಗಡದ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಓಡಾಡುತ್ತಾರಲ್ಲ, ಅವರು ಪಾವಗಡದಲ್ಲಿ ನಮ್ಮೂರಿನ ಆಟೋದವರಿಗೆ ತಲುಪಿಸುತ್ತಾರೆ.

ವಿಷಯ ಇಷ್ಟು. ನಾನು ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುತ್ತಿದ್ದೇನೆ.

ಈಗ ಕಾಗದ ಮಡಿಚಿ ಇಡಬೇಡ, ಓದು. ಹೋದ ವರ್ಷ ಪಕ್ಕದಲ್ಲಿ ಎರಡು ಚಕ್ರ ಹೆಚ್ಚಿಗೆ ಇರುವ ಸ್ಕೂಟರ್ ನೋಡಲು ಹೋಗಿದ್ದೆವು, ನೆನಪಿದೆಯಾ? ಸಾಲ ಕೊಡುವವರು, "ಇವರ ಹೆಸರಲ್ಲಿ ಹಿಂದೆ ಸಾಲ ತಗೊಂಡಿದ್ದೂ ಇಲ್ಲ, ತೀರಿಸಿದ್ದೂ ಇಲ್ಲ. ಜಾಮೀನು ಬೇಕು" ಅಂದರು. ನೀನು ಪೆನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಪೆನ್ನು ಕೆಳಗಿಟ್ಟು, "ಬಿದ್ರೆ ಯಾರು ನೋಡ್ತಾರೆ?" ಅಂದೆ. ಬಾಡಿಗೆ ಮನೆಯಿಂದ ಗೌಸಿಯಾಳ ಟೈಲರಿಂಗ್ ಅಂಗಡಿಗೆ ಊರುಗೋಲು ಕುಟ್ಟಿಕೊಂಡು ಹೋಗುವಾಗ ದಿನಾ ಆ ಪೆನ್ನು ನೆನಪಾಗುತ್ತದೆ.

ಬ್ಯಾಂಕಿನ ಮೇಡಂ ಒಂದು ದಾರಿ ಹೇಳಿದರು. ಕಾರ್ಡ್ ತೆಗೆದುಕೊಂಡು, ಅದರಲ್ಲಿ ಅಂಗಡಿಯ ದಾರ, ಲೈನಿಂಗ್ ಬಟ್ಟೆ ಕೊಂಡು, ತಿಂಗಳು ತಿಂಗಳು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ. ಹಾಗೆ ಒಂದು ವರ್ಷ ನಡೆಸಿದರೆ ನನ್ನ ಹೆಸರಿಗೂ ಒಂದು ನಂಬಿಕೆ ಹುಟ್ಟುತ್ತದಂತೆ. ಆಗ ಯಾರ ಪೆನ್ನಿನ ದಾರಿಯನ್ನೂ ಕಾಯಬೇಕಾಗಿಲ್ಲ.

ಕಣ್ಣು ಮುಚ್ಚಿ ಹಾರಿಲ್ಲ, ಮೂರು ಕಾರ್ಡ್ ನೋಡಿದೆ. ಪೆಟ್ರೋಲ್ ಬಂಕಿನ ಹತ್ತಿರ ಟೈ ಕಟ್ಟಿಕೊಂಡ ಹುಡುಗನೊಬ್ಬ "ಜೀವಮಾನಪೂರ್ತಿ ಫ್ರೀ" ಎಂದು ಕೂಗುತ್ತಿದ್ದ. ನನ್ನ ಊರುಗೋಲು ಕಂಡದ್ದೇ ಗೌಸಿಯಾ ಕಡೆ ತಿರುಗಿ, "ಇವರ ಗಾರ್ಡಿಯನ್ ಯಾರು ಮೇಡಂ?" ಅಂದ. ನಾನು ಅಲ್ಲೇ ನಿಂತಿದ್ದೆ ಅಣ್ಣ, ಇಪ್ಪತ್ತೊಂಬತ್ತು ವರ್ಷದ ಹೆಂಗಸು. ಎರಡನೆಯದು ಮೊಬೈಲಿನಲ್ಲೇ ಸಿಗುವಂಥದ್ದು. ಫೋನಿನಲ್ಲಿರುವ ಎಲ್ಲರ ನಂಬರನ್ನೂ ಮೊದಲೇ ಕೇಳುತ್ತದೆ, ಒಂದು ದಿನ ತಡವಾದರೆ ಊರಿಗೆಲ್ಲ ಫೋನ್ ಮಾಡಿ ಮಾನ ಹರಾಜು ಹಾಕುತ್ತಾರಂತೆ. ಮೂರನೆಯದು ನಮ್ಮ ಬ್ಯಾಂಕಿನದೇ. ಹೊಲಿದು ಕೂಡಿಟ್ಟ ಹಣವನ್ನು ಠೇವಣಿ ಇಟ್ಟರೆ ಅದರ ಮೇಲೆ ಕಾರ್ಡ್ ಕೊಡುತ್ತಾರೆ. ಸಂಬಳದ ಚೀಟಿ ಬೇಡ, ವರ್ಷದ ಶುಲ್ಕ ಇಲ್ಲ. ಗಾರ್ಡಿಯನ್ ಯಾರು ಎಂದು ಕೇಳಲಿಲ್ಲ. ಅದನ್ನೇ ಆರಿಸಿಕೊಂಡೆ.

ಒಂದೇ ತೊಡಕು. ಸರ್ಕಾರದ ಮಾಸಾಶನ ಬರುವ ನನ್ನ ಖಾತೆಗೆ ನಿನ್ನ ಫೋನ್ ನಂಬರ್ ಇದೆ, ಕಾರ್ಡಿನ ಮೆಸೇಜೂ ನಿನಗೇ ಬರುತ್ತದೆ. ಅದನ್ನು ಬದಲಿಸಿ ನನ್ನದು ಹಾಕಿಸಬೇಕು. ನಿನಗೆ ಹೇಳದೆ ಮಾಡುವುದು ನನಗೆ ಇಷ್ಟವಿಲ್ಲ. ಪಾಸ್‌ಬುಕ್ ಕಳಿಸಿಕೊಡು.

ನಿನ್ನ ತಂಗಿ,
ಲೋಹಿತಾ


ಕ್ಯಾತಗಾನಚೆರ್ಲು
೨೨ ಜೂನ್ ೨೦೨೫

ಲೋಹಿ,

ಕಾಗದ ಓದಿದೆ. ಪೂರ್ತಿ ಓದಿದೆ.

ಕಾರ್ಡ್ ಬೇಡ. ನಾಡಕಚೇರಿಗೆ ಹೋಗಿ ವಿಚಾರಿಸಿಯೇ ಬರೆಯುತ್ತಿದ್ದೇನೆ. ಕ್ರೆಡಿಟ್ ಕಾರ್ಡ್ ಇಟ್ಟುಕೊಂಡವರು ಬಡವರಲ್ಲ ಎಂದು ಲೆಕ್ಕ, ಮಾಸಾಶನ ನಿಲ್ಲುತ್ತದೆ. ಒಮ್ಮೆ ನಿಂತರೆ ಮತ್ತೆ ಮಾಡಿಸುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ಆಸ್ಪತ್ರೆ, ಸರ್ಟಿಫಿಕೇಟು, ಕಚೇರಿ ಎಂದು ನಿನ್ನನ್ನು ಹೊತ್ತು ಅಲೆದವನು ನಾನು. ಮೆಟ್ಟಿಲು ಎಷ್ಟು ಎತ್ತರ ಎನ್ನುವುದು ನನಗೆ ಗೊತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನಿನಗೆ ಏನು ಕಡಿಮೆಯಾಗಿದೆ? ದುಡ್ಡು ಬಂದಿದೆ ಎಂದು ನನ್ನ ಫೋನಿಗೆ ಮೆಸೇಜ್ ಬರುತ್ತದೆ, ತೆಗೆದು ದೇವರ ಗೂಡಿನಲ್ಲಿಟ್ಟು, ಅಮ್ಮನ ಕೈಲಿ ಕುಂಕುಮ ಹಚ್ಚಿಸಿ, ಭಾನುವಾರ ತಂದು ನಿನ್ನ ಕೈಗೆ ಕೊಡುತ್ತೇನೆ. ಒಂದು ತಿಂಗಳಾದರೂ ತಪ್ಪಿದೆಯೇ? ಒಂದು ರೂಪಾಯಿಯಾದರೂ ಕಡಿಮೆ ಬಂದಿದೆಯೇ?

ಪಾಸ್‌ಬುಕ್ ಇಲ್ಲೇ ಭದ್ರವಾಗಿದೆ. ರಾಗಿ ಹಿಟ್ಟು ಮುಗಿದಿದ್ದರೆ ತಿಳಿಸು.

ಇಂತಿ,
ಚೇತನ್ ಕುಮಾರ್


ಶಿರಾ
೯ ಜುಲೈ ೨೦೨೫

ಅಣ್ಣ,

ತಂಗಿಗೆ ಬರೆದ ಕಾಗದದ ಕೆಳಗೆ "ಇಂತಿ, ಚೇತನ್ ಕುಮಾರ್" ಎಂದು ಸಹಿ ಹಾಕಿದ್ದೀಯ. ತಹಶೀಲ್ದಾರರ ನೋಟಿಸ್ ಬಂತೇನೋ ಎಂದು ಗೌಸಿಯಾ ಹೆದರಿದಳು.

ಇನ್ನು ಹಾಸಿಗೆಯ ಮಾತು. ಮೂರನೇ ವರ್ಷದ ಜ್ವರದಲ್ಲಿ ಹೋದ ನನ್ನ ಕಾಲು ಎಲ್ಲಿಟ್ಟರೆ ಅಲ್ಲೇ ಇರುತ್ತದೆ, ತಾನಾಗಿ ಚಾಚುವುದಿಲ್ಲ. ಆ ಗಾದೆ ಕಾಲಿದ್ದವರಿಗೆ ಹೇಳು. ನಗಬೇಕೆಂದರೆ ನಗು, ನಾನು ನಕ್ಕೇ ಬರೆಯುತ್ತಿದ್ದೇನೆ.

ಒಂದು ರೂಪಾಯಿಯೂ ಕಡಿಮೆ ಬಂದಿಲ್ಲ. ನಾನು ಯಾವತ್ತಾದರೂ ಹಾಗಂದೆನಾ? ನೀನು ಕದ್ದೆ ಎಂದು ನಾನು ಹೇಳಿದ ಹಾಗೆ ಉತ್ತರ ಕೊಟ್ಟಿದ್ದೀಯ. ಕೊಡುವ ಕೈ ಎಷ್ಟೇ ಒಳ್ಳೆಯದಾಗಿರಲಿ, ತಿಂಗಳು ತಿಂಗಳು ಒಡ್ಡುವ ಕೈಗೆ ನೋವಾಗುತ್ತದೆ. ಇದನ್ನು ನಿನಗೆ ಹೇಗೆ ಹೇಳುವುದೋ ಗೊತ್ತಾಗದೆ ಎರಡು ವರ್ಷ ಸುಮ್ಮನಿದ್ದೆ.

ಮೊನ್ನೆ ಬ್ಯಾಂಕಿಗೆ ಹೋದೆ. ಪಾಸ್‌ಬುಕ್ ಇಲ್ಲ ಅಂದೆ. "ಖಾತೆ ನಿಮ್ದು, ನೀವೇ ಬಂದಿದೀರ, ಆಧಾರ್ ಇದೆ. ಇನ್ನೇನ್ ಬೇಕು?" ಅಂದರು ಮೇಡಂ. ಕಾರ್ಡ್ ತಗೊಂಡರೆ ಮಾಸಾಶನ ನಿಲ್ಲುತ್ತದಾ ಎಂದೂ ಕೇಳಿದೆ. ಅವರು ಅಂಥದ್ದನ್ನು ಕೇಳಿಲ್ಲವಂತೆ, ಹಾಗೆ ಕೇಳಿದ್ದು ನಾನೇ ಮೊದಲಂತೆ. ನಂಬರ್ ಬದಲಾಯಿತು, ಠೇವಣಿ ಇಟ್ಟೆ, ಕಾರ್ಡಿಗೆ ಸಹಿ ಹಾಕಿದೆ. ಇನ್ನು ಮೇಲೆ ದುಡ್ಡು ಬಂದ ಮೆಸೇಜ್ ನನ್ನ ಫೋನಿಗೇ ಬರುತ್ತದೆ. ನಿನಗೂ ತಿಂಗಳು ತಿಂಗಳು ಬಸ್ಸಿನಲ್ಲಿ ಸೊಂಟ ನೋಯಿಸಿಕೊಳ್ಳುವುದು ತಪ್ಪಿತು.

ಅಮ್ಮನಿಗೆ ನೀನೇ ಹೇಳು, ಸಮಾಧಾನವಾಗಿ.

ಲೋಹಿತಾ


ಕ್ಯಾತಗಾನಚೆರ್ಲು
೨೧ ಜುಲೈ ೨೦೨೫

ಲೋಹಿ,

ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡ್ ಯಾಸೀನ್ ಭಾಯ್ ಕೈಲಿ ಕಳಿಸಿದ್ದೇನೆ. ಸರಿಯಾಗಿ ನೋಡಿಕೋ.

ನಿನ್ನೆ ಭಾನುವಾರ ಪಾವಗಡದ ಬಸ್ ಸ್ಟಾಂಡಿಗೆ ಹೋಗಿದ್ದೆ. ಅಭ್ಯಾಸ. ಟೀ ಕುಡಿದು ಮನೆಗೆ ಬಂದೆ.

ಅಮ್ಮ ಚೆನ್ನಾಗಿದ್ದಾರೆ.

ಚೇತನ್


ಶಿರಾ
೨೮ ಆಗಸ್ಟ್ ೨೦೨೫

ಅಣ್ಣ,

ಇದನ್ನು ಬರೆಯಲು ಕೂತು ಎದ್ದು, ಕೂತು ಎದ್ದು ಆಯಿತು.

ಕಾರ್ಡ್ ಬಂದಿದೆ. ನನ್ನ ಹೆಸರು ಉಬ್ಬಿ ನಿಂತಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ಗೌಸಿಯಾ ಶೀರ್ ಖುರ್ಮಾ ಪಾಯಸ ಮಾಡಿ ಹಂಚಿದಳು, ಹಬ್ಬವೇ ಬಂದ ಹಾಗೆ. ನಾನು ಅದರಲ್ಲಿ ಇನ್ನೂ ಏನನ್ನೂ ಕೊಂಡಿಲ್ಲ.

ಮಾಸಾಶನ ಬಂದಿಲ್ಲ. ಜುಲೈ ತಿಂಗಳದು ಬರಲಿಲ್ಲ. ನಂಬರ್ ಬದಲಾಯಿಸಿದ್ದಕ್ಕೆ ತಡವಾಗಿರಬಹುದು ಅಂದುಕೊಂಡೆ. ಆಗಸ್ಟ್ ತಿಂಗಳದೂ ಇಲ್ಲ. ಮೇಡಂ ಖಾತೆ ತೆರೆದು ನೋಡಿದರು. "ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲಮ್ಮ, ಸರ್ಕಾರದಿಂದ್ಲೇ ಬಂದಿಲ್ಲ" ಅಂದರು. ಫೋನ್ ಸದ್ದು ಮಾಡಿದಾಗಲೆಲ್ಲ ಮೆಷಿನ್ ನಿಲ್ಲಿಸಿ ನೋಡುತ್ತೇನೆ. ಯಾವುದೋ ಸೀರೆ ಅಂಗಡಿಯ ರಿಯಾಯಿತಿ, ಇಲ್ಲವೇ ಯಾರದೋ ಶುಭೋದಯ.

ಆಷಾಢ ಕಳೆದರೂ ಬ್ಲೌಸಿನ ಕೆಲಸ ಅಷ್ಟಾಗಿ ಬರುತ್ತಿಲ್ಲ. ಬಾಡಿಗೆ ಕೊಡುತ್ತಿದ್ದದ್ದು ಆ ದುಡ್ಡಿನಲ್ಲೇ. ಆದರೆ ಹೆದರಿಕೆ ಬಾಡಿಗೆಯದಲ್ಲ. ನೀನು ಹೇಳಿದ್ದೇ ನಿಜವಾಯಿತಾ? ನನ್ನ ಹಟಕ್ಕೆ ನಾನೇ ನನ್ನ ಅನ್ನಕ್ಕೆ ಕಲ್ಲು ಹಾಕಿಕೊಂಡೆನಾ? ನಾಡಕಚೇರಿಯಲ್ಲಿ ನಿನಗೆ ಅದನ್ನು ಹೇಳಿದವರು ಯಾರು? ಇನ್ನೊಮ್ಮೆ ಹೋಗಿ ಕೇಳು. ನನ್ನಾಣೆ, ಬೇಗ ಬರೆ.

ಲೋಹಿತಾ


ಕ್ಯಾತಗಾನಚೆರ್ಲು
೩ ಸೆಪ್ಟೆಂಬರ್ ೨೦೨೫

ಲೋಹಿ,

ನಾನು ಆಗಲೇ ಹೇಳಿದ್ದೆ.

ಈಗ ಆಗಿದ್ದು ಆಯಿತು. ಆ ಕಾರ್ಡ್ ಬ್ಯಾಂಕಿಗೆ ವಾಪಸ್ ಮಾಡು, ಠೇವಣಿ ಬಿಡಿಸಿಕೋ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಸ್ವಲ್ಪ ದಿನ ಊರಿಗೇ ಬಂದುಬಿಡು. ಪಡಸಾಲೆ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬಚ್ಚಲಿನಲ್ಲಿ ನೀನು ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಪೈಪ್ ಹಾಕಿಸಿದ್ದೇನೆ, ಎರಡು ಕಡೆ. ಹೊಲಿಗೆ ಮೆಷಿನ್ ಬೇಕಿದ್ದರೆ ಇಲ್ಲೂ ಇಡಬಹುದು. ನಮ್ಮೂರಲ್ಲಿ ಹೆಂಗಸರು ಬ್ಲೌಸ್ ಹಾಕುವುದಿಲ್ಲವೇ?

ಯಾವ ಬಸ್ಸಿಗೆ ಬರುತ್ತೀಯ ತಿಳಿಸು, ಪಾವಗಡದಲ್ಲಿ ಬಂದು ನಿಂತಿರುತ್ತೇನೆ.

ಚೇತನ್


ಶಿರಾ
೧೧ ಸೆಪ್ಟೆಂಬರ್ ೨೦೨೫

ಅಣ್ಣ,

ಆಗಲಿ. ಸೋಮವಾರ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಕಾರ್ಡ್ ಮುಚ್ಚಿಸಿಬಿಡುತ್ತೇನೆ. ಬಟ್ಟೆ ಕತ್ತರಿಸುವ ಕತ್ತರಿ ಪಕ್ಕದಲ್ಲೇ ಅದನ್ನು ಇಟ್ಟಿದ್ದೇನೆ. ಬ್ಯಾಂಕಿನವರ ಎದುರಿಗೇ ಎರಡು ತುಂಡು ಮಾಡಬೇಕಂತೆ. ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಓನರಿಗೆ ಹೇಳಿದ್ದೇನೆ.

ಗೌಸಿಯಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮುಂಚೆ ಇಷ್ಟು ಹೇಳಿದಳು: "ಹೋಗು, ಹೋಗಿ ನಿಮ್ಮ ಭಾಯ್ ಬೆನ್ ಮೇಲೇ ಕೂತ್ಕೋ. ಅವ್ರಿಗೂ ವಯಸ್ಸಾಗುತ್ತೆ, ಆಗ ಇಬ್ರೂ ಕೂತ್ಕೊಂಡು ಅಳಿ." ನಿನ್ನ ಬೆನ್ನಿನ ವಾಸನೆ ನನಗೆ ಈಗಲೂ ಗೊತ್ತು ಅಣ್ಣ, ಬೆವರು ಮತ್ತು ಸ್ಕೂಲ್ ಬ್ಯಾಗಿನದು. ಕಾಲಿಗೆ ಕಟ್ಟುವ ಕಬ್ಬಿಣದ ಕ್ಯಾಲಿಪರ್ ಬರುವವರೆಗೂ ಸ್ಕೂಲಿಗೆ ನೀನೇ ಹೊತ್ತೆ. ಅದನ್ನು ಮರೆತರೆ ನನ್ನ ನಾಲಿಗೆ ಬಿದ್ದುಹೋಗಲಿ. ಆದರೆ ಮತ್ತೆ ಹತ್ತುವುದೆಂದರೆ ಸಿಟ್ಟು ಬರುತ್ತದೆ. ನಿನ್ನ ಮೇಲಲ್ಲ, ನನ್ನ ಮೇಲೆ. ಒಂದು ಕಾರ್ಡ್ ಆರಿಸಿಕೊಳ್ಳಲೂ ಯೋಗ್ಯತೆ ಇಲ್ಲದವಳಾದೆ.

ಫೋನ್ ಮಾಡಬೇಡ. ಆಫ್ ಮಾಡಿ ಇಟ್ಟಿದ್ದೇನೆ. ಮಾತಾಡಿದರೆ ಅಳು ಬರುತ್ತದೆ.

ಲೋಹಿತಾ


ಕ್ಯಾತಗಾನಚೆರ್ಲು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಲೋಹಿ,

ಕಾರ್ಡ್ ಕತ್ತರಿಸಬೇಡ. ಮೊದಲು ಇದನ್ನು ಓದು. ಬೆಳಗಿನಿಂದ ಫೋನ್ ಮಾಡಿ ಸಾಕಾಯಿತು, ಆಫ್ ಆಗಿದೆ ಎಂದೇ ಹೇಳುತ್ತದೆ. ಈ ಕಾಗದ ಇವತ್ತೇ ನಿನ್ನ ಕೈಗೆ ಕೊಡಬೇಕೆಂದು ಯಾಸೀನ್ ಭಾಯಿಗೆ ಕೈ ಮುಗಿದು ಹೇಳುತ್ತೇನೆ. ನಾನೇ ಬರಬಹುದಿತ್ತು. ನಿನ್ನ ಮುಖ ನೋಡಿ ಹೇಳಲು ಧೈರ್ಯ ಬರಲಿಲ್ಲ.

ಮಾಸಾಶನ ನಿಂತಿದ್ದು ಕಾರ್ಡಿನಿಂದಲ್ಲ. ನನ್ನಿಂದ.

ನಿನ್ನ ಮೊದಲ ಕಾಗದ ಬಂದಾಗ ನಾಡಕಚೇರಿಗೆ ಹೋಗಿದ್ದು ನಿಜ. ಅಲ್ಲಿ ಯಾರೂ ನಿಲ್ಲುತ್ತದೆ ಅನ್ನಲಿಲ್ಲ. ನಾನೇ ಕೇಳಿದೆ: "ಸಾರ್, ನನ್ ತಂಗಿ ಶಿರಾದಾಗವ್ಳೆ, ಒಲ್ಗೆ ಕೆಲ್ಸ ಮಾಡ್ತಾಳೆ, ಈಗ ಕಾರ್ಡ್ ಬ್ಯಾರೆ ತಗತಾಳಂತೆ. ದುಡ್ಡು ನಿಂತೋಗಲ್ವಾ?" ಅಲ್ಲಿದ್ದವರು ಕಾರ್ಡಿನ ಮಾತೇ ಎತ್ತಲಿಲ್ಲ. "ಶಿರಾದಲ್ಲಿದ್ದಾರಾ? ಎಷ್ಟು ದಿನದಿಂದ?" ಅಂದರು. ಎರಡು ವರ್ಷ ಅಂದೆ. ಒಂದು ವಾರಕ್ಕೆ ಮನೆಗೆ ಪರಿಶೀಲನೆಗೆ ಬಂದರು. ಲೋಹಿತಾ ಎಲ್ಲಿ ಎಂದು ಕೇಳಿದರು. ಇಲ್ಲಿಲ್ಲ ಅಂದೆ. ಅವರ ಕೆಲಸ ಅವರು ಮಾಡಿದರು. ಕೊಟ್ಟ ವಿಳಾಸದಲ್ಲಿ ಇಲ್ಲದವರಿಗೆ ದುಡ್ಡು ತಡೆದರು. ನೀನೇ ಹೋಗಿ ಎದುರು ನಿಂತು, ಶಿರಾದ ವಿಳಾಸ ಕೊಟ್ಟರೆ ಮತ್ತೆ ಬರುತ್ತದೆ. ಇದು ನನಗೆ ಜುಲೈನಲ್ಲೇ ಗೊತ್ತು.

ಆಗಸ್ಟಿನಲ್ಲಿ ನೀನು ನನ್ನಾಣೆ ಎಂದು ಬರೆದೆ. ಆಗಲೇ ಹೇಳಬೇಕಿತ್ತು. "ನಾನು ಆಗಲೇ ಹೇಳಿದ್ದೆ" ಎಂದು ಬರೆದೆ. ಬರೆದು ನೆಮ್ಮದಿಯಾಗಿ ಊಟ ಮಾಡಿದೆ, ಅದೇ ನನಗೆ ಈಗ ಹೆದರಿಕೆ. ಸುಮ್ಮನಿದ್ದರೆ ಕಾರ್ಡೂ ಹೋಗುತ್ತದೆ, ಸ್ಕೂಟರೂ ಹೋಗುತ್ತದೆ, ನೀನು ಮನೆಗೆ ಬರುತ್ತೀಯ. ಸುಣ್ಣ ಹೊಡೆಸಿದ್ದು ಆ ಆಸೆಗೇ.

ನಿನ್ನೆ ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ನೀನು ಬರುತ್ತೀಯ ಎಂದು ಖುಷಿಯಾಗಿಯೇ ಓದಿದೆ. ಅಮ್ಮ ಕಡಲೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, "ಅಷ್ಟು ದೂರ ಹೋದೋಳು ಯಾಕ್ಲಾ ಬತ್ತಾವ್ಳೆ?" ಅಂದರು. ನಾನು ಬಾಯಿ ಬಿಡಬೇಕಾಯಿತು. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. "ಒತ್ಕಂಡು ತಿರುಗಿದ್ದು ಸಾಕು ಕಣ್ಲಾ. ಇಳ್ಸು ಅವ್ಳನ್ನ" ಅಂದರು.

ನಿನ್ನ ದುಡ್ಡು ನನ್ನ ಫೋನಿಗೆ ಬರುವುದು ನಿಂತ ಮೇಲೆ ಶಿರಾಕ್ಕೆ ಬರಲು ನನಗೆ ಒಂದು ನೆಪವೂ ಉಳಿಯಲಿಲ್ಲ, ಲೋಹಿ. ಹೇಳಬೇಕಿದ್ದದ್ದು ಇಷ್ಟೇ.

ಅಣ್ಣ


ಕ್ಯಾತಗಾನಚೆರ್ಲು
೨೬ ಅಕ್ಟೋಬರ್ ೨೦೨೫

ಲೋಹಿ,

ನಿನ್ನ ಕಾಗದವಿಲ್ಲ. ಯಾಸೀನ್ ಭಾಯಿಯನ್ನು ಕೇಳಿದರೆ "ಇದಾರೆ, ಚೆನ್ನಾಗಿದಾರೆ" ಎಂದು ಸೀಟಿ ಊದಿಬಿಡುತ್ತಾರೆ. ಆವತ್ತು ಕಾಗದ ಸಮಯಕ್ಕೆ ಸಿಕ್ಕಿತೋ ಇಲ್ಲವೋ, ಅದನ್ನೂ ಹೇಳುವುದಿಲ್ಲ.

ಹಸಿ ಕಡಲೆಕಾಯಿ ಕಳಿಸಿದ್ದೆ. ಚೀಲ ಮಡಿಚಿ ವಾಪಸ್ ಬಂತು. ಚೀಲ ಖಾಲಿ ಬಂದಿದ್ದರಿಂದ ಕಾಯಿಯನ್ನಾದರೂ ತೆಗೆದುಕೊಂಡೆ ಎಂದು ತಿಳಿದಿದ್ದೇನೆ. ಅಮ್ಮನೂ ಹಾಗೇ ಅಂದರು. ಅದೇ ಚೀಲದಲ್ಲಿ ಮತ್ತೆ ಕಳಿಸಿದ್ದೇನೆ.

ಅಣ್ಣ


ಶಿರಾ
೨೪ ನವೆಂಬರ್ ೨೦೨೫

ಅಣ್ಣ,

ಕಾಯಿ ತಿಂದೆ. ಎರಡು ಸಲವೂ. ಕೋಪ ಕಡಲೆಕಾಯಿಯ ಮೇಲಿರಲಿಲ್ಲ.

ಆ ಭಾನುವಾರ ನಿನ್ನ ಕಾಗದ ಬಂದಾಗ ನಾನು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಓದಿ ಮುಗಿಸಿ, ಕೈಗೆ ಸಿಕ್ಕ ಲೋಟವನ್ನು ಗೋಡೆಗೆ ಎಸೆದೆ. ಸ್ಟೀಲಿನದು, ಒಡೆಯಲಿಲ್ಲ, ನಗ್ಗಿದೆ. ಈಗ ಅದರಲ್ಲೇ ಟೀ ಕುಡಿಯುತ್ತೇನೆ. ನೀನು ಸುಳ್ಳು ಹೇಳಿದೆ ಎಂದು ಅಷ್ಟು ಸಿಟ್ಟು ಬರಲಿಲ್ಲ. ನನ್ನ ಯೋಗ್ಯತೆಯ ಮೇಲೆ ನನಗೇ ಅನುಮಾನ ಬಂದು ನಾನು ಸಾಯುತ್ತಿದ್ದಾಗ, ನೀನು ಕೋಣೆಗೆ ಸುಣ್ಣ ಹೊಡೆಸುತ್ತಿದ್ದೆ. ಅದನ್ನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸಿದೆ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ, ಮನೆಗೆ ಒಬ್ಬರ ಸುಳ್ಳು ಸಾಕು.

ಸೋಮವಾರ ಬ್ಯಾಂಕಿಗೆ ಹೋಗಲಿಲ್ಲ. ಯಾಸೀನ್ ಭಾಯ್ ಬಸ್ಸಿನಲ್ಲಿ ಪಾವಗಡಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ನಾಡಕಚೇರಿಗೆ ಹೋದೆ. ಒಬ್ಬಳೇ. ಮೆಟ್ಟಿಲು ಎತ್ತರವಾಗಿವೆ ಎಂದೆಯಲ್ಲ, ಹೌದು, ಎತ್ತರವಾಗಿವೆ. ಕೂತು ಕೂತು ಹತ್ತಿದೆ. "ಲೋಹಿತಾ ಅಂದ್ರೆ ನಾನೇ. ಎಲ್ಲಿದೀನಿ ಅಂತ ನನ್ನನ್ನೇ ಕೇಳ್ಬೇಕಿತ್ತು" ಅಂದೆ. ಅಲ್ಲಿದ್ದವರು ಕುರ್ಚಿ ಕೊಟ್ಟು ಕೂರಿಸಿ, ಶಿರಾದ ವಿಳಾಸ ಬರೆದುಕೊಂಡರು. ವಾಪಸ್ ಬರುವಾಗ ಬಸ್ಸು ಪ್ಲೇಟುಗಳ ಪಕ್ಕದಲ್ಲೇ ಬಂತು. ದೂರದಲ್ಲಿ ನೀರಿನ ಟ್ಯಾಂಕರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಕಂಡಿತು. ನೀನೇ ಇರಬೇಕು, ತಲೆಗೆ ಟವೆಲ್ ಸುತ್ತಿದ್ದೆ. ಇಳಿಯಬೇಕೆನಿಸಿತು. ಇಳಿಯಲಿಲ್ಲ. ಇಳಿದಿದ್ದರೆ ಅವತ್ತು ಶಿರಾಕ್ಕೆ ವಾಪಸ್ ಬರುತ್ತಿರಲಿಲ್ಲ.

ಹೋದ ವಾರ ನಾನು ಗುಂಡಿಗೆ ಕಾಜಾ ಹಾಕುತ್ತಿದ್ದಾಗ ಫೋನ್ ಸದ್ದು ಮಾಡಿತು. ದುಡ್ಡು ಬಂದಿದೆ, ಹಿಂದಿನ ತಿಂಗಳುಗಳದೂ ಸೇರಿ. ಮೊದಲ ಸಲ ನನಗೇ ಬಂದ ಮೆಸೇಜ್. ಗೌಸಿಯಾಗೆ ತೋರಿಸಿದೆ. ನಾನು ಇಲ್ಲೇ ಉಳಿದ ಮೇಲೂ ಸರಿಯಾಗಿ ಮಾತಾಡದಿದ್ದವಳು ಅದನ್ನು ಮರೆತು ಕಿರುಚಿದಳು. ನಾನೂ ಕಿರುಚಿದೆ. ಆಮೇಲೆ ಎಟಿಎಮ್ಮಿಗೆ ಹೋಗಿ ದುಡ್ಡು ತೆಗೆದೆ, ಅದರ ಮೇಲೆ ಕುಂಕುಮ ಇರಲಿಲ್ಲ. ಅಲ್ಲೇ ನಿಂತು ಅತ್ತೆ ಅಣ್ಣ, ಹಿಂದೆ ಕ್ಯೂನಲ್ಲಿದ್ದವರು ಮೆಷಿನ್ ಕೆಟ್ಟಿದೆಯಾ ಎಂದು ಕೇಳಿದರು.

ಮನೆ ಬಿಡುವುದಿಲ್ಲ ಎಂದು ಓನರಿಗೆ ಹೇಳಿದೆ, ಕಾರ್ಡನ್ನೂ ಕತ್ತರಿಸಲಿಲ್ಲ. ಅದರಲ್ಲಿ ಮೊದಲು ಏನು ಕೊಳ್ಳಬೇಕೆಂದು ಬಹಳ ಯೋಚಿಸಿದೆ. ದಾರ, ಲೈನಿಂಗು ಆಮೇಲೆ ಆಗಲಿ ಎಂದು ಒಂದು ಹೆಲ್ಮೆಟ್ ತಗೊಂಡೆ. ಬಿಲ್ ಬಂದ ದಿನವೇ ಪೂರ್ತಿ ಕಟ್ಟಿದೆ. ಆ ಹೆಲ್ಮೆಟ್ಟನ್ನೇ ಈ ಕಾಗದದ ಜೊತೆ ಕಡಲೆಕಾಯಿ ಚೀಲದಲ್ಲಿ ಕಳಿಸಿದ್ದೇನೆ. ದೊಡ್ಡ ಅಳತೆಯದು, ನನ್ನ ತಲೆಗೆ ಅಲ್ಲ. ಸ್ಕೂಟರ್ ಬರಲು ಇನ್ನೂ ವರ್ಷವಾದರೂ ಬೇಕು, ಅಷ್ಟರಲ್ಲಿ ನಿನ್ನ ತಲೆಗೆ ಸರಿಹೋಗುತ್ತದಾ ನೋಡಿಕೋ. ನಾನು ಓಡಿಸುತ್ತೇನೆ, ಹಿಂದೆ ಕೂರುವವನು ನೀನು.

ಭಾನುವಾರ ಬಾ. ತರಲು ಏನೂ ಇಲ್ಲದಿದ್ದರೆ ಬರಿಗೈಲಿ ಬಾ. ಜಗಳ ಇನ್ನೂ ಬಾಕಿ ಇದೆ, ಅದು ಕಾಗದದಲ್ಲಿ ಮುಗಿಯುವುದಲ್ಲ. ಈ ಸಲ ನಾನು ಮಾತು ಮುಗಿಸುವವರೆಗೆ ಸುಮ್ಮನೆ ಕೂರಬೇಕು.

ಅಷ್ಟು ವರ್ಷ ನಿನ್ನ ಬೆನ್ನ ಮೇಲೆ ಕೂತಿದ್ದಾಗ ಬಿದ್ದರೆ ಯಾರು ನೋಡುತ್ತಾರೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ನೀನೂ ಕೇಳಬೇಡ.

ನಿನ್ನ ತಂಗಿ,
ಲೋಹಿ